ಒಂಬತ್ತಡಿ ಕೋಣೆಗೆ ಬಣ್ಣ

ಬಣ್ಣದ ಅಂಗಡಿಯವರು ಕೊಡುವ ಶೇಡ್ ಕಾರ್ಡನ್ನು ನೀವು ಎಂದಾದರೂ ಪುರುಸೊತ್ತಿನಲ್ಲಿ ಬಿಡಿಸಿ ನೋಡಿದ್ದೀರಾ? ನಾವು ಬಿಳಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಬಣ್ಣಕ್ಕೆ ಅದರಲ್ಲಿ ಎರಡು ಪುಟದ ತುಂಬ ನಾಮಾವಳಿ ಇರುತ್ತದೆ: ಮುತ್ತಿನ ಬಿಳಿ, ದಂತದ ಬಿಳಿ, ಮಂಜಿನ ಬಿಳಿ, ಹಾಲಿನ ಕೆನೆಯ ಬಿಳಿ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ವರ್ಣಮಾಲೆಯಿಂದ ಹಿಡಿದು ಅಷ್ಟಾದಶ ವರ್ಣನೆಗಳವರೆಗೆ ವರ್ಣವೆಂಬ ಶಬ್ದವನ್ನೇ ಉಂಡು ಬದುಕಿದ ನಾನು, ಮೊನ್ನೆ ಒಂದು ಸೋಮವಾರ ಸಾಗರದ ಬಣ್ಣದಂಗಡಿಯ ಮುಂದೆ ಆ ಕಾರ್ಡು ಹಿಡಿದು ಬೆವರುತ್ತ ನಿಂತಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ನೋಡಿ ಬಿಳಚಿಕೊಳ್ಳುತ್ತಿದ್ದ ನನ್ನ ವಿದ್ಯಾರ್ಥಿಗಳೆಲ್ಲ ಅಂದು ಒಟ್ಟಿಗೆ ನನ್ನ ಮೇಲೆ ಸೇಡು ತೀರಿಸಿಕೊಂಡರೆಂದೇ ಹೇಳಬೇಕು.

ಅವಸರಕ್ಕೆ ಕಾರಣ ನನ್ನ ತಮ್ಮ ಚಂದ್ರು. ಸಾಗರದಿಂದ ಹೊಸನಗರ ದಾಟಿ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿ ಅವನು ಸವೆಸಿದ ದಾರಿ ನಾನು ತಿರುವಿದ ಪುಟಗಳಿಗಿಂತ ಹೆಚ್ಚು. ಮದುವೆಯಾಗಲಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ತಾರಸಿಯ ಮೇಲೆ, ತಗಡಿನ ಮಾಡಿನ ಕೆಳಗೆ, ಮೂರು ಕಡೆ ಗೋಡೆಯೇ ಇಲ್ಲದ ಜಾಗದಲ್ಲಿ ಮಲಗುತ್ತಿದ್ದ. ಅಂಥವನು ಬಸ್ಸಿನ ಮೇಲೆ ಹತ್ತಿ ಯಾರದೋ ಮೂಟೆ ಬಿಗಿಯುವಾಗ ಕಾಲು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಶಿವಮೊಗ್ಗದಲ್ಲಿ ರಾಡು ಹಾಕಿದರು. ಮೂರು ತಿಂಗಳು ಕಾಲು ನೆಲಕ್ಕೆ ಊರುವಂತಿಲ್ಲ, ಶುಕ್ರವಾರ ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು.

ಮನೆಯೆಂದರೆ ನನ್ನದೇ. ಅದರಲ್ಲಿ ಬಚ್ಚಲಿಗೆ ಅಂಟಿಕೊಂಡಿರುವುದು ನಾನು ಪುಸ್ತಕ ಪೇರಿಸಿಟ್ಟಿದ್ದ ಒಂಬತ್ತಡಿ ಉದ್ದ, ಎಂಟಡಿ ಅಗಲದ ಕೋಣೆಯೊಂದೇ. ಇರುವ ಒಂದು ಕಿಟಕಿ ತೆರೆದರೆ ನಾಲ್ಕಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ವಿಷಯ ತಿಳಿದ ಚಂದ್ರು ಆಸ್ಪತ್ರೆಯಿಂದಲೇ ಫೋನ್ ಮಾಡಿದ.

"ಅಣ್ಣ, ಆ ಪುಸ್ತಕದ ಕೋಣೇಲಿ ಮಾತ್ರ ನನ್ನ ಹಾಕ್ಬೇಡ. ಉಸಿರು ಕಟ್ತದೆ. ಬಸ್ ಸ್ಟ್ಯಾಂಡಲ್ಲಿ ಬೇಕಾದ್ರೂ ಮಲಗ್ತೀನಿ."

"ಶುಕ್ರವಾರದೊಳಗೆ ಅದನ್ನ ದೊಡ್ಡದು ಮಾಡ್ತೀನಿ, ನೀನು ಬಾ," ಎಂದುಬಿಟ್ಟೆ.

ಗೋಡೆ ಒಡೆಯದೆ ಕೋಣೆಯನ್ನು ದೊಡ್ಡದು ಮಾಡುವ ಉಪಾಯ ಬಣ್ಣವೊಂದೇ ಎಂದು ಮೊಬೈಲಿನಲ್ಲಿ ಯಾರೋ ಯುವಕ ಹೇಳಿದ್ದನ್ನು ನಾನು ನಂಬಿದ್ದೆ. ಹೆಂಡತಿ ಸುಲೋಚನಾ ನಂಬಿರಲಿಲ್ಲ. "ಬಣ್ಣ ಬಳಿದ್ರೆ ಕೋಣೆ ಬೆಳೆಯೋದಾದ್ರೆ ನಮ್ಮ ಅಡುಗೆಮನೆ ಇಷ್ಟೊತ್ತಿಗೆ ಅರಮನೆ ಆಗ್ಬೇಕಿತ್ತು," ಎಂದಳು. ಆದರೂ ಪುಸ್ತಕಗಳನ್ನು ಹೊರಗೆ ಸಾಗಿಸಿದವಳು ಅವಳೇ; ನಾನು ಪ್ರತಿ ಪುಸ್ತಕವನ್ನೂ ತೆರೆದು ಒಂದು ಪುಟ ಓದಿ ಕೆಳಗಿಡುತ್ತಿದ್ದೆನಾದ್ದರಿಂದ ಲೆಕ್ಕಕ್ಕಿಲ್ಲ.

ಮಂಗಳವಾರ ಪೇಂಟರ್ ಫ್ರಾನ್ಸಿಸ್ ಬಂದ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಆಕಾಶ ಒಳಗೆ ಬಂದಂತಿರಲಿ ಎಂಬ ನನ್ನ ಕವಿತ್ವಕ್ಕೆ ಎದುರಾಡದೆ ತಿಳಿನೀಲಿ ಬಳಿದ. ಬುಧವಾರ ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ, ಆಕಾಶದ ಮಾತಿರಲಿ, ಬೂದಿ ಬಳಿದ ನೆಲಮಾಳಿಗೆಯ ಹಾಗಿತ್ತು. ಗೋಡೆಗಳು ಒಂದೊಂದು ಅಡಿ ಒಳಕ್ಕೇ ಸರಿದುಬಿಟ್ಟಿದ್ದವು. ಉಳಿದಿದ್ದು ಎರಡು ದಿನ.

"ಬೆಳಕಿಲ್ಲದ ಕೋಣೇಲಿ ನೀಲಿ ಕಪ್ಪಾಗ್ತದೆ ಸಾರ್," ಎಂದ ಫ್ರಾನ್ಸಿಸ್.

"ನಿನ್ನೆ ಯಾಕಪ್ಪ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್. ಯಾರಿಗೆ ಈ ಕೋಣೆ?"

ಹೇಳಿದೆ. ಅವನು ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು, ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಬಿಟ್ಟ! ಸ್ವಲ್ಪ ಹೊತ್ತು ಸುತ್ತ ನೋಡಿ ಎದ್ದ. "ನಿಂತವರ ಕೋಣೆ ಬೇರೆ, ಮಲಗಿದವರ ಕೋಣೆ ಬೇರೆ. ಅವರು ಮೂರು ತಿಂಗಳು ನೋಡೋದು ಮೇಲ್ಗಡೆ. ಹಳದಿ ಚೂರು ಬೆರೆಸಿದ ಬಿಳಿ ಹೊಡಿಯೋಣ, ಗೋಡೆಗೂ ಸೂರಿಗೂ ಒಂದೇ. ಗೋಡೆ ಎಲ್ಲಿ ಮುಗೀತು ಅಂತ ಕಣ್ಣಿಗೆ ಗೊತ್ತಾಗ್ಬಾರ್ದು."

ಗುರುವಾರ ಮಧ್ಯಾಹ್ನ ಎರಡನೇ ಕೋಟೂ ಮುಗಿಯಿತು. ಫ್ರಾನ್ಸಿಸ್ ಮನೆಗೆ ಹೋದ ಮೇಲೆ ಮಂಚ ತಂದು ಹಾಕಿಸಿ, ರೋಗಿಯ ದೃಷ್ಟಿಯಿಂದಲೇ ಪರೀಕ್ಷಿಸಬೇಕೆಂದು ಬಾಗಿಲು ಮುಚ್ಚಿ ಮಲಗಿಕೊಂಡೆ. ಮೂಲೆಗಳು ಮಸುಕಾಗಿದ್ದವು, ಸೂರು ಮೇಲೆ ತೇಲಿದಂತಿತ್ತು. ಕೋಣೆ ನಿಜಕ್ಕೂ ಹಿಗ್ಗಿತ್ತು. ಹೆಮ್ಮೆಪಡಬೇಕಾದ ಆ ಗಳಿಗೆಯಲ್ಲಿ, ಹಸಿ ಬಣ್ಣದ ವಾಸನೆಯ ನಡುವೆ, ನನ್ನ ಕಣ್ಣು ಮುಚ್ಚಿದ ಬಾಗಿಲ ಮೇಲೆ ನಿಂತಿತು. ಐವತ್ತು ವರ್ಷ ನಾನು ಯಾರಿಗೂ ಹೇಳದಿದ್ದುದನ್ನು ನಿಮಗೀಗ ಹೇಳಲೇಬೇಕು.

ಅಪ್ಪಯ್ಯ ಹೊಸನಗರದಲ್ಲಿ ಮೇಷ್ಟರು. ಬೇಸಿಗೆ ರಜೆಯಲ್ಲಿ ಇಡೀ ಶಾಲೆ ನಮ್ಮಿಬ್ಬರದೇ. ನನಗೆ ಹನ್ನೊಂದು, ಚಂದ್ರುವಿಗೆ ಏಳು. ಭೂಪಟಗಳನ್ನು ಸುತ್ತಿ ನಿಲ್ಲಿಸುತ್ತಿದ್ದ, ಕಿಟಕಿಯಿಲ್ಲದ ಪುಟ್ಟ ಕೋಣೆಯೊಳಗೆ ಅವನು ಅಡಗಿಕೊಂಡ. ಹತ್ತು ಎಣಿಸುವಷ್ಟು ಹೊತ್ತು ಹೆದರಿಸೋಣವೆಂದು ಹೊರಗಿನಿಂದ ಚಿಲಕ ಹಾಕಿದೆ. ನಾನು ಆರೋ ಏಳೋ ಎಣಿಸಿರಬೇಕು, ಬೀದಿಯಲ್ಲಿ ಆನೆ ಬಂತೆಂದು ಯಾರೋ ಕೂಗಿದರು. ಆನೆಯ ಹಿಂದೆ ಊರಾಚೆಯ ಸೇತುವೆಯವರೆಗೂ ಹೋದೆ. ದೀಪ ಹಚ್ಚುವ ಹೊತ್ತಿಗೆ ಅಮ್ಮ "ತಮ್ಮ ಎಲ್ಲೋ?" ಎಂದು ಕೇಳಿದಾಗಲೇ ನೆನಪಾದದ್ದು. ಬಾಗಿಲು ತೆಗೆದಾಗ ಕೂಗಿ ಕೂಗಿ ಅವನ ಧ್ವನಿ ಹೋಗಿತ್ತು, ಉಗುರುಗಳಲ್ಲಿ ರಕ್ತವಿತ್ತು. "ಚಿಲಕ ತಾನೇ ಬಿದ್ದಿರಬೇಕು," ಎಂದೆ ನಾನು. ಎಲ್ಲರೂ ನಂಬಿದರು. ಅಂದಿನಿಂದ ಚಂದ್ರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದವನಲ್ಲ.

ಒಂದು ಕೋಣೆ ಎಷ್ಟು ದೊಡ್ಡದೆಂದು ತೀರ್ಮಾನಿಸುವವನು ಅದರ ಹೊರಗೆ ನಿಂತವನು. ಅದನ್ನು ತಿಳಿಯಲು ನಾನೊಮ್ಮೆ ಒಳಗೆ ಮಲಗಬೇಕಾಯಿತು. ಎದ್ದು ಬಾಗಿಲು ತೆರೆದಾಗ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ಆಂಬುಲೆನ್ಸ್ ಬಂತು. ಫ್ರಾನ್ಸಿಸ್ ಕೂಡ ಏಣಿ, ಡಬ್ಬಿಗಳನ್ನು ಒಯ್ಯಲು ಬಂದಿದ್ದ. ಸ್ಟ್ರೆಚರ್ ಕೋಣೆಯ ಹತ್ತಿರ ಬರುತ್ತಲೇ ಚಂದ್ರು ಕೈಚಾಚಿ ಬಾಗಿಲ ದಾರಂದ ಹಿಡಿದುಕೊಂಡ.

"ಅಣ್ಣ, ಬೇಡ."

"ಒಂದ್ಸಲ ನೋಡು ಚಂದ್ರು. ನಿಮ್ಮಣ್ಣ ನಾಲ್ಕು ದಿನ ನಿದ್ದೆಗೆಟ್ಟು ಮಾಡ್ಸಿದ್ದಾರೆ," ಎಂದಳು ಸುಲೋಚನಾ. ಅವಳ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಮಂಚಕ್ಕೆ ಇಳಿಸಿದರು. ಸ್ಟ್ರೆಚರ್ ತಿರುಗಿಸಲು ಜಾಗ ಸಾಲದೆ, ಆಂಬುಲೆನ್ಸಿನವರಲ್ಲೊಬ್ಬ ಕಾಲಿನಿಂದ ಬಾಗಿಲನ್ನು ದೂಡಿ ಮುಚ್ಚಿದ.

"ಬಾಗ್ಲು! ಬಾಗ್ಲು ತೆಗೀರಿ!"

ಹಾಗೆ ಕೂಗಿದ ಚಂದ್ರು ಆಗ ಅರವತ್ತರ ಹತ್ತಿರದ ಡ್ರೈವರ್ ಆಗಿರಲಿಲ್ಲ. ಮುರಿದ ಕಾಲನ್ನು ಮರೆತು ಏಳಲು ಹೊರಟವನ ಭುಜವನ್ನು ಸುಲೋಚನಾ ಒತ್ತಿ ಹಿಡಿದಳು. ನಾನು ಬಾಗಿಲನ್ನು ಗೋಡೆಗೆ ಬಡಿಯುವಷ್ಟು ಜೋರಾಗಿ ತೆರೆದೆ. ಅವನ ಮುಖದ ತುಂಬ ಬೆವರು. ಬಂದವರು ಹೊರಗೆ ಹೋಗುವುದನ್ನೂ ಕಾಯದೆ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಚಂದ್ರು, ಅವತ್ತು ಶಾಲೇಲಿ ಚಿಲಕ ತಾನಾಗೇ ಬಿದ್ದಿದ್ದಲ್ಲ. ನಾನೇ ಹಾಕಿದ್ದು."

ಅವನು ಸೂರನ್ನೇ ನೋಡುತ್ತಿದ್ದ.

"ಗೊತ್ತು. ಚಿಲಕ ಹಾಕಿ ನೀನು ನಕ್ಕಿದ್ದು ಕೇಳಿತ್ತು."

"ಮತ್ತೆ ಅಪ್ಪಯ್ಯಂಗೆ ಯಾಕೆ ಹೇಳ್ಲಿಲ್ಲ ಮಾರಾಯ?"

"ಹೇಳಿದ್ರೆ ಅಪ್ಪಯ್ಯ ನಿನ್ನನ್ನೂ ಅದ್ರೊಳಗೇ ಕೂಡಿಹಾಕ್ತಿದ್ರು."

ಏಳು ವರ್ಷದ ಹುಡುಗನೊಬ್ಬ ಧ್ವನಿಯಿಲ್ಲದ ಗಂಟಲಿನಲ್ಲಿ ಇಷ್ಟನ್ನು ಯೋಚಿಸಿದ್ದ. ಶಬ್ದಗಳನ್ನೇ ನಂಬಿ ಸಂಬಳ ಎಣಿಸಿದ ನಾನು ಎರಡೂ ಬಗೆಯ ವರ್ಣವನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ತಿರುಗಿದೆ. ಹೊರಗೆ ಬಂದು ಫ್ರಾನ್ಸಿಸ್‌ನ ಚೀಲದಿಂದ ಸ್ಕ್ರೂ ಡ್ರೈವರ್ ಎತ್ತಿಕೊಂಡೆ. ಬಾಗಿಲಿನ ಕೀಲಿನ ತಿರುಪುಗಳನ್ನು ಬಿಚ್ಚಲು ನಾನು ಒದ್ದಾಡುತ್ತಿದ್ದುದನ್ನು ನೋಡಿ ಫ್ರಾನ್ಸಿಸ್, "ಕೊಡಿ ಸಾರ್, ನೀವು ಬಾಗ್ಲು ಹಿಡ್ಕೊಳಿ," ಎಂದ. ಅವನು ಒಂದೊಂದೇ ತಿರುಪು ಬಿಚ್ಚಿದ. ನಾನು ಬಾಗಿಲನ್ನು ಅಪ್ಪಿಕೊಂಡು ನಿಂತೆ. ಕೊನೆಯದು ಸಡಿಲಾದಾಗ ಬಾಗಿಲಿನ ಇಡೀ ಭಾರ ನನ್ನ ಎದೆಯ ಮೇಲೆ ಬಿತ್ತು. ಇಬ್ಬರೂ ಹೊತ್ತು ಹಿತ್ತಿಲ ಗೋಡೆಗೆ ಒರಗಿಸಿ ಬಂದೆವು.

ಚಂದ್ರು ತಲೆ ಹೊರಳಿಸಿ ಆ ತೆರವನ್ನು ನೋಡಿದ. ಆಚೆ ನಡುಮನೆ, ಅದರಾಚೆ ಬೀದಿಬಾಗಿಲು, ಬಿಸಿಲಿನಲ್ಲಿ ಹಾದುಹೋಗುವ ಒಂದು ಆಟೋ. ಆಮೇಲೆ ನಿಧಾನವಾಗಿ ನಾಲ್ಕು ಗೋಡೆಗಳನ್ನೂ ಪರೀಕ್ಷಿಸಿದ.

"ಬಣ್ಣ ಏನೂ ಚೆನ್ನಾಗಿಲ್ಲ ಅಣ್ಣ. ಹಳೇ ಮಜ್ಜಿಗೆ ಥರ ಇದೆ."

"ಬೇರೆ ಹೊಡಿಸ್ತೀನಿ. ಯಾವ್ದು ಬೇಕು ಹೇಳು."

"ಬೇಡ," ಎಂದು ಕಣ್ಣು ಮುಚ್ಚಿದ. "ಇರ್ಲಿ ಬಿಡು."

ಬಣ್ಣವನ್ನೋ, ಚಿಲಕದ ಮಾತನ್ನೋ ಎಂದು ನಾನು ಕೇಳಲಿಲ್ಲ. ಸುಲೋಚನಾ ಊಟಕ್ಕೆ ಕರೆಯುವ ಹೊತ್ತಿಗೆ ಅವನು ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತಿದ್ದ.