ಮಗಳ ಜಪಾನಿ ಟೀಚರ್

ಇಂಗ್ಲೆಂಡಿನ ಡಿಡ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜಪಾನಿ ಟೀಚರನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು, ಅವರ ಮುಂದೆ ಕೂತು ಜಪಾನಿಯಲ್ಲಿ ಹರಟುತ್ತಿದ್ದಳು. ಅವಳು ತಪ್ಪಿದಾಗ ಅವರು ತಲೆಯನ್ನು ಒಂದಿಷ್ಟು ವಾಲಿಸಿ, "ಇನ್ನೊಂದ್ಸಲ ಹೇಳು, ಕೇಳೋಕೆ ಚೆನ್ನಾಗಿದೆ" ಎನ್ನುತ್ತಿದ್ದರು. ಅವಳ ಕನ್ನಡ ತಪ್ಪಿದಾಗ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.

ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ ಟೀಚರ್ ಅವಳನ್ನು ಏನೋ ಕೇಳಿದರು. ಅವಳು "ಹಾಯ್" ಎಂದಳು. ಜಪಾನಿಯಲ್ಲಿ ಹಾಗೆಂದರೆ ಹೌದು ಎಂದು ನನಗೂ ಗೊತ್ತಿತ್ತು.

ಟೀಚರ್ ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು: "ಬಿಸ್ಕೆಟ್ ಬೇಡ್ವಾ ಅಂತ ಕೇಳಿದೆ. ಬೇಡ ಅನ್ನೋಕೆ ಇಂಗ್ಲಿಷಲ್ಲಿ 'ನೋ' ಅನ್ಬೇಕು. ನಮ್ಮಲ್ಲಿ 'ಹೌದು, ಬೇಡ' ಅಂತೀವಿ."

"ನಮ್ಮಲ್ಲೂ 'ಹೂಂ, ಬೇಡ' ಅಂತೀವಿ," ಎಂದೆ.

ಮಗಳು ಕಣ್ಣರಳಿಸಿದಳು. "ರಿಯಲಿ? ಯು ನೆವರ್ ಟೋಲ್ಡ್ ಮಿ!"

ಹುಟ್ಟಿದಾಗಿನಿಂದ ಅವಳ ಕಿವಿಯ ಮೇಲೆ ಬೀಳುತ್ತಿದ್ದ ಮಾತದು. ನನ್ನ ಮುಖ ಬಿಗಿದುಕೊಂಡಿತು. ಟೀಚರ್ ಅದನ್ನು ನೋಡಿದರು.

"ಅಮ್ಮನ್ನ ಏನಾದ್ರೂ ಕೇಳು, ನಿಮ್ಮ ಭಾಷೇಲಿ," ಎಂದು ಅವಳಿಗೆ ಹೇಳಿ, ಸದ್ದಿಲ್ಲದೆ ಅಡುಗೆಮನೆಗೆ ಹೋದರು.

ಮಗಳು ತಡವರಿಸಿದಳು. "ಅಮ್ಮಾ, ನಿಂಗೆ... ಕೋಪ ಬಂದಿಲ್ವಾ?"

"ಹೂಂ, ಬಂದಿಲ್ಲ," ಎಂದೆ.

ಬಂದಿತ್ತು. ಅವಳ ಬಾಯಿಂದ ಕನ್ನಡ ಹೊರಡಿಸಿದವರೂ ಅವರೇ ಎಂದು ಇನ್ನಷ್ಟು ಬಂದಿತ್ತು.