ಒಬ್ಬರೇ ಸಾಕಾಗುವ ಪಿಕಪ್

ನೆಬ್ರಾಸ್ಕಾದ ಮರಳು ಗುಡ್ಡಗಳ ಸೀಮೆಯಲ್ಲಿ ಡೆಲ್ಮರ್ ಕೊವಾರಿಕ್ ಯಾರ ಹಂಗಿಗೂ ಬೀಳದ ಮನುಷ್ಯ ಎಂದು ಹೆಸರಾಗಿದ್ದ. ಆ ಹೆಸರು ಕೊಟ್ಟವನೂ ಅವನೇ. ಎಪ್ಪತ್ತೊಂದು ವಯಸ್ಸು, ನೂರಾ ಹತ್ತು ಕರಿ ಹಸುಗಳು, ಮೇಲೇಳಲು ಒಪ್ಪದ ಎಡಭುಜ, ಇಷ್ಟು ಅವನ ಆಸ್ತಿ. ಈ ಹಂಗಿಲ್ಲದ ಮನುಷ್ಯನ ಪಿಕಪ್ಪನ್ನು ನಲವತ್ತೊಂದು ಚಳಿಗಾಲ, ದಿನಾ ಬೆಳಿಗ್ಗೆ ಓಡಿಸಿದವಳು ಹೆಂಡತಿ ಅರ್ಡಿತ್. ಅವಳು ಮೊದಲ ಗೇರಿನಲ್ಲಿ ಗಾಡಿಯನ್ನು ತೆವಳಿಸಬೇಕು, ಅವನು ಹಿಂದೆ ನಿಂತು ಕವೆಗೋಲಿನಿಂದ ಹಸುಗಳಿಗೆ ಹುಲ್ಲು ಚೆಲ್ಲಬೇಕು. "ಎಡಕ್ಕಾ, ನೇರಕ್ಕಾ?" ಎಂದು ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೇಳುವಳು. ಅವನು ಎಡಕ್ಕೆ ಎನ್ನುವನು, ಎಡಕ್ಕೆ ತಿರುಗಿಸಿದರೆ ಅಷ್ಟೊಂದು ಎಡಕ್ಕೆ ಯಾಕೆ ಹೋದೆ ಎಂದು ಕೂಗಾಡುವನು. ಅವರ ದಾಂಪತ್ಯದ ಹೆಚ್ಚಿನ ಮಾತುಕತೆ ನಡೆದದ್ದು ಹೀಗೆಯೇ.

ಕಳೆದ ವಸಂತದಲ್ಲಿ, ಚಳಿಗಾಲದ ಕೊನೆಯ ಮೇವು ಹಾಕಿ ಬಂದ ದಿನ, ಅರ್ಡಿತ್ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು.

"ನನ್ನ ಕಿವಿಗೆ ಸಾಕಾಗಿದೆ ಡೆಲ್. ಮುಂದಿನ ಚಳಿಗಾಲ ನಾನು ಬರಲ್ಲ. ಒಬ್ಬನೇ ಮೇವು ಹಾಕ್ತೀಯಾ, ಹಾಕು. ಆಗಲ್ಲ ಅಂದ್ರೆ ಹಸು ಮಾರು."

"ಆಗಲ್ಲ ಅಂತ ಯಾರು ಹೇಳಿದ್ದು? ನಿನ್ನ ಬಾ ಅಂತ ನಾನೇನೂ ಕೇಳೋದಿಲ್ಲ."

"ಯಾವತ್ತು ಕೇಳಿದ್ದೀಯ? ಇಷ್ಟು ವರ್ಷ ಹಾರನ್ ಹೊಡೆದು ಕರೆದಿದ್ದೀಯ, ಬಾಯಿಂದ ಕರೆದಿಲ್ಲ."

ಹಸು ಮಾರಿದ ಮೇಲೆ ಬೆಳಿಗ್ಗೆ ಯಾಕೆ ಏಳಬೇಕು ಎಂಬುದೇ ಡೆಲ್ಮರನಿಗೆ ತಿಳಿಯದು. ಹಾಗಾಗಿ ಅವನು ಹೈಡ್ರಾಲಿಕ್ ಬೇಲ್ ಬೆಡ್ ಕೊಳ್ಳಲು ಹೊರಟ. ಪಿಕಪ್ಪಿನ ಹಿಂಭಾಗದ ತೊಟ್ಟಿಯನ್ನು ಕಿತ್ತು ಅಲ್ಲಿ ಕೂರಿಸುವ ಉಕ್ಕಿನ ಹಾಸು ಅದು, ಹಿಂದಕ್ಕೆ ಎರಡು ದಪ್ಪ ತೋಳು. ಸೀಟಿನಲ್ಲಿ ಕೂತು ಗುಂಡಿ ಒತ್ತಿದರೆ ಆ ತೋಳುಗಳು ಆರು ನೂರು ಕಿಲೋದ ಹುಲ್ಲಿನ ಸುರುಳಿಯನ್ನು ಎರಡು ಕಡೆಯಿಂದ ಅಮುಕಿ ಎತ್ತುತ್ತವೆ. ಹೊಲಕ್ಕೆ ಹೋಗಿ ನೆಲಕ್ಕೆ ತಾಗುವಷ್ಟು ಇಳಿಸಿ ಮುಂದೆ ಓಡಿಸಿದರೆ ಸುರುಳಿ ಚಾಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ.

ಯಾರ ಮಾತೂ ಬೇಡದವನು ಆ ಬೇಸಿಗೆಯೆಲ್ಲ ಊರಿನ ಕೆಫೆಯಲ್ಲಿ ಕೂತು ಎಲ್ಲರ ಮಾತು ಕೇಳಿದ. "ತೋಳು ಎತ್ತೋಕೆ ಬ್ಯಾಟರಿ ಪಂಪ್ ಇರೋದು ಬೇಡ ಕಣೋ," ಎಂದ ನೆರೆಯ ಲೈಲ್. "ಚಳೀಲಿ ನಿನ್ನ ಹಾಗೇ, ಏಳೋಕೆ ಅರ್ಧ ಗಂಟೆ ಬೇಕು. ಇಂಜಿನ್ನಿಂದ ಓಡೋದು ತಗೋ." ಡೆಲ್ಮರ್ ಮೂರು ಅಂಗಡಿ ಸುತ್ತಿದ. ಉಕ್ಕಿನ ದಪ್ಪ ಅಳೆದ, ಬೆಸುಗೆಗಳನ್ನು ಉಗುರಿನಿಂದ ಕೆರೆದು ನೋಡಿದ, ತೋಳುಗಳು ಎಷ್ಟು ಅಗಲಕ್ಕೆ ಚಾಚುತ್ತವೆ ಎಂದು ನಡುವೆ ತಾನೇ ನಿಂತು ಪರೀಕ್ಷಿಸಿದ. ಅರ್ಡಿತ್‌ಳನ್ನು ಮದುವೆಯಾಗುವಾಗ ಇದರ ಕಾಲುಭಾಗವೂ ವಿಚಾರಿಸಿರಲಿಲ್ಲ. ಮೂರನೆಯ ಅಂಗಡಿಯವನು "ಇದಿದ್ರೆ ಒಬ್ಬರೇ ಸಾಕು ಸಾರ್" ಎಂದ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಅದು ಮನೆಗೆ ಬಂದ ದಿನ ಅರ್ಡಿತ್ ತನ್ನ ಹತ್ತಿರವಿದ್ದ ಪಿಕಪ್ಪಿನ ಕೀಯನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಡೆಲ್ಮರ್ ಇದನ್ನು ಗೆಲುವು ಎಂದುಕೊಂಡ.

ಡಿಸೆಂಬರಿನ ಮೊದಲ ಹನ್ನೊಂದು ದಿನ ಎಲ್ಲ ಸುಸೂತ್ರ. ತೋಳುಗಳು ಎತ್ತಿದವು, ಇಳಿಸಿದವು, ಹಸುಗಳು ಸಾಲಾಗಿ ನಿಂತು ತಿಂದವು. ಕೊರತೆ ಒಂದೇ, ಬೈಯಲು ಪಕ್ಕದಲ್ಲಿ ನಾಯಿ ಸ್ಕೀಟರ್ ಬಿಟ್ಟರೆ ಯಾರೂ ಇಲ್ಲ. ಬೈದರೆ ಅದು ಬಾಲ ಅಲ್ಲಾಡಿಸುತ್ತಿತ್ತು. ಅದರಲ್ಲಿ ಏನೂ ಸ್ವಾರಸ್ಯವಿರಲಿಲ್ಲ.

ಹನ್ನೆರಡನೆಯ ದಿನ ಡೆಲ್ಮರನಿಗೆ ತನ್ನ ವೈಭವವನ್ನು ಹಿಂದಿನಿಂದ ನೋಡುವ ಆಸೆಯಾಯಿತು. ಸುರುಳಿಗೆ ಸುತ್ತಿದ್ದ ಬಲೆಯನ್ನು ಕೊಯ್ದು ತೆಗೆದ, ಸುರುಳಿಯನ್ನು ನೆಲಕ್ಕಿಳಿಸಿದ, ಗಾಡಿಯನ್ನು ಮೊದಲ ಗೇರಿನಲ್ಲಿ ತಾನಾಗಿ ತೆವಳಲು ಬಿಟ್ಟು ಇಳಿದ. ಆ ಸೀಮೆಯಲ್ಲಿ ಒಂಟಿಯಾಗಿ ಮೇವು ಹಾಕುವವರೆಲ್ಲ ಮಾಡುವುದು ಇದನ್ನೇ. ಚಳಿ ಒಳಗೆ ನುಗ್ಗದಿರಲಿ ಎಂದು ಬಾಗಿಲನ್ನೂ ಮುಚ್ಚಿದ. ಒಡೆಯ ಎಲ್ಲಿ ಹೋದ ಎಂದು ನೋಡಲು ಸ್ಕೀಟರ್ ಎದ್ದು ಕಿಟಕಿಗೆ ಕಾಲು ಕೊಟ್ಟಿತು. ಆ ಕಾಲು ಬಿದ್ದದ್ದು ಬೀಗದ ಗುಂಡಿಯ ಮೇಲೆ.

ಟಕ್ ಎಂದಿತು.

"ಸ್ಕೀಟರ್, ಜಾಣ, ಇನ್ನೊಂದ್ಸಲ ಒತ್ತು ಮರಿ," ಎಂದು ಡೆಲ್ಮರ್ ಪಕ್ಕದಲ್ಲಿ ನಡೆಯುತ್ತ ಬೇಡಿಕೊಂಡ. ನಾಯಿ ಪ್ರೀತಿಯಿಂದ ಗಾಜು ನೆಕ್ಕಿತು. ಫೋನು ಒಳಗಿತ್ತು. ಗಾಜು ಒಡೆಯೋಣವೆಂದರೆ ಮರಳು ಗುಡ್ಡಗಳಲ್ಲಿ ಎಷ್ಟು ಹುಡುಕಿದರೂ ಒಂದು ಕಲ್ಲು ಸಿಗದು. ಇನ್ನು ಬೇಡವೆಂದು ಕವೆಗೋಲನ್ನು ಮನೆಯಲ್ಲೇ ಬಿಟ್ಟಿದ್ದ. ಪಿಕಪ್ಪು ಯಾವ ಆತುರವೂ ಇಲ್ಲದೆ ಕೆರೆಯ ಕಡೆ ಹೊರಟಿತ್ತು, ಹಿಂದೆ ನೂರಾ ಹತ್ತು ಹಸುಗಳು. ಕೆರೆಯ ಮಂಜುಗಡ್ಡೆ ಇನ್ನೂ ಒಂದು ಬೆರಳಿನಷ್ಟೇ ದಪ್ಪ.

ಅವನು ಮನೆಗೆ ಓಡಿದ. ಅರ್ಡಿತ್ ಹಿಟ್ಟು ನಾದುತ್ತಿದ್ದಳು.

"ಕೀ," ಎಂದ ಡೆಲ್ಮರ್.

"ಮೊಳೆಯಲ್ಲಿದೆ. ಯಾಕೆ?"

"ನಾಯಿ ಕೆರೆ ಕಡೆ ಹೊರಟಿದೆ."

"ನಡ್ಕೊಂಡಾ?"

"ಪಿಕಪ್ಪಲ್ಲಿ."

ಅವಳು ಕಿಟಕಿಯಿಂದ ನೋಡಿದಳು. ಬಂದ ನಗುವನ್ನು ತುಟಿ ಕಚ್ಚಿ ತಡೆದಳು. "ಹಾಗಾದ್ರೆ ಬೇಗ ಹೋಗು," ಎಂದಳು.

ಕೀ ಕೈಯಲ್ಲಿ ಹಿಡಿದು ಅವನು ನಿಂತೇ ಇದ್ದ. ಓಡುವ ಗಾಡಿಗೆ ಹತ್ತಬೇಕಾದರೆ ಎಡಗೈಯಿಂದ ಹಿಡಿಯನ್ನು ಎಳೆದು ಮೇಲೇರಬೇಕು. ಎಡಭುಜದ ವಿಷಯ ಅವನಿಗೂ ಗೊತ್ತು, ಅವಳಿಗೂ ಗೊತ್ತು. ಹೊರಗೆ ಹಸುಗಳೆಲ್ಲ ಒಂದೊಂದು ಹೆಜ್ಜೆ ನೀರಿನ ಕಡೆ ಹೋಗುತ್ತಿದ್ದವು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಅರ್ಡಿತ್, ನೀನು ಬಾ. ನನ್ನೊಬ್ಬನ ಕೈಲಿ ಆಗಲ್ಲ."

ಮಾತು ಮುಗಿಯುವ ಮೊದಲೇ ಅವಳು ಕೈ ಒರೆಸಿಕೊಂಡಿದ್ದಳು. ಮನೆಯ ಕಾರಿನಲ್ಲಿ ಅವನು ಅವಳನ್ನು ಪಿಕಪ್ಪಿನ ಪಕ್ಕಕ್ಕೆ ಕರೆದೊಯ್ದ. ಅವಳು ಇಳಿದು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಬೀಗ ತೆಗೆದು ಒಳಗೆ ಹತ್ತಿ, ಚಾಲಕನನ್ನು ಆಚೆ ತಳ್ಳಿ ಕೂತಳು. ಕೆರೆಯ ಅಂಚಿಗೆ ಇನ್ನು ಹತ್ತು ಮಾರು ದೂರವಿರುವಾಗ ಗಾಡಿ ತಿರುಗಿತು. ಹಸುಗಳೂ ತಿರುಗಿದವು.

ಆಮೇಲೆ ಅವಳು ಕಿಟಕಿ ಇಳಿಸಿ ಹಿಂದೆ ನೋಡಿದಳು. ಹಿಮದ ಮೇಲೆ ಹುಲ್ಲಿನ ಸಾಲು ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು.

"ನಾಯಿ ಎಷ್ಟು ನೇರ ಓಡಿಸಿದೆ ನೋಡು," ಎಂದಳು. "ಹಿಂದೆ ಯಾರೂ ಕೂಗ್ತಿರಲಿಲ್ಲವಲ್ಲ." ಗಾಡಿ ನಿಲ್ಲಿಸಲಿಲ್ಲ. ಸುರುಳಿಯಲ್ಲಿ ಇನ್ನೂ ಅರ್ಧ ಹುಲ್ಲು ಉಳಿದಿತ್ತು. "ಎಡಕ್ಕಾ, ನೇರಕ್ಕಾ?"

ಡೆಲ್ಮರ್ ಕಾರಿನಿಂದಿಳಿದು ಹಿಮದಲ್ಲಿ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದ. "ನಿಂಗೆ ಹೇಗೆ ಬೇಕೋ ಹಾಗೆ," ಎಂದ.

ಮರುವಾರ ಕೆಫೆಯಲ್ಲಿ ಲೈಲ್ ಕೇಳಿದ, "ಏನೋ ಡೆಲ್, ಅಂಗಡಿಯವನು ಹೇಳಿದ್ದು ನಿಜಾನಾ? ಒಬ್ಬರೇ ಸಾಕಾ?"

"ನಿಜ ಕಣೋ," ಎಂದ ಡೆಲ್ಮರ್, ಕಾಫಿಗೆ ಸಕ್ಕರೆ ಕಲಸುತ್ತ. "ಅರ್ಡಿತ್ ಒಬ್ಬಳೇ ಎಲ್ಲಾ ಮಾಡ್ತಾಳೆ. ನಾನು ಇಳಿದು ಗೇಟ್ ತೆಗೀತೀನಿ."