ಆ ಅಕ್ಷರದ ಏಳನೆಯವನು

ನನ್ನ ಕೈ ತಿದಿಯ ಮೇಲಿದ್ದರೂ ತಲೆ ಯಾವಾಗಲೂ ಚಡುಗುಡು ಅಂಗಳದಲ್ಲೇ ಇರುತ್ತಿತ್ತು. ಇದು ಸುಲ್ತಾನರ ಪಟ್ಟಣದ ಕೋಟೆ ಬೀಳುವುದಕ್ಕೆ ಐದಾರು ವರ್ಷ ಮೊದಲಿನ ಮಾತು. ನಾಗಮಂಗಲದ ಕಮ್ಮಾರರ ಬೀದಿಯಲ್ಲಿ ನಮ್ಮದೊಂದು ಕುಲುಮೆ. ಮನೆಯಲ್ಲಿ ಮೂರೇ ಜನ: ನಾನು, ನನ್ನ ಯಜಮಾನರು, ಅವರ ತಾಯಿ. ಮಾವನವರು ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಯಜಮಾನರು ಕಬ್ಬುಣ ಬಡಿಯುತ್ತಿದ್ದರು. ಅತ್ತೆಯೂ ನಾನೂ ಕುಲುಮೆಯ ಹಿಂದೆ ಕುಳಿತು ಜೋಡಿ ತಿದಿ ಒತ್ತಿ ಬೆಂಕಿಗೆ ಗಾಳಿ ಕೊಡುತ್ತಿದ್ದೆವು. ಮೇಕೆ ಚರ್ಮದ ಎರಡು ಚೀಲ, ಒಂದು ಅತ್ತೆಯದು, ಒಂದು ನನ್ನದು. ಅವರದು ಏಳುವಾಗ ನನ್ನದು ಇಳಿಯಬೇಕು. ಲಯ ತಪ್ಪಿತೋ, ಬೆಂಕಿ ಮಂಕಾಗಿ ಆಚೆಯಿಂದ ಬೈಗುಳ ಬರುತ್ತಿತ್ತು.

ದಿನವಿಡೀ ಹೀಗೆ ಕುಳಿತರೆ ಕೈಗೆ ಬಿಡುವಿಲ್ಲದ ಕೆಲಸ, ಬಾಯಿಗೆ ಮಾತ್ರ ಏನೂ ಇಲ್ಲ. ನಾನೋ ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಆಗ ಹುಟ್ಟಿದ್ದು ನಮ್ಮ ಆಟ.

ಆಟ ಇಷ್ಟೇ. ಒಬ್ಬರು ಒಂದು ಅಕ್ಷರ ಕೊಡಬೇಕು. ಹೆಸರು ಆ ಅಕ್ಷರದಿಂದಲೇ ಶುರುವಾಗುವ ಏಳು ಆಳುಗಳನ್ನು ಆರಿಸಿ ಇನ್ನೊಬ್ಬರು ಚಡುಗುಡು ತಂಡ ಕಟ್ಟಬೇಕು. ಆಳು ಬದುಕಿರಬೇಕು, ಅವನು ಆಡಿದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿರಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅದರ ಅಂಗಳದಲ್ಲೇ ಸುತ್ತಲಿನ ಊರುಗಳ ಪಂದ್ಯ ನಡೆಯುತ್ತಿತ್ತು. ಏರಿಯ ಮೇಲೆ ಕುಳಿತು ನೋಡದ ಹೆಂಗಸು ನಮ್ಮ ಬೀದಿಯಲ್ಲಿ ಒಬ್ಬಳೂ ಇರಲಿಲ್ಲ. ಹೊತ್ತಿನ ಲೆಕ್ಕವನ್ನು ಕುಲುಮೆಗೇ ಬಿಟ್ಟಿದ್ದೆವು. ಬೆಂಕಿಗಿಟ್ಟ ನೇಗಿಲ ಗುಳ ಕೆಂಪಾಗಿ ಯಜಮಾನರು ಇಕ್ಕಳ ಹಾಕಿ ಎತ್ತುವಷ್ಟರಲ್ಲಿ ಏಳೂ ಹೆಸರು ಬಾಯಿಂದ ಬರಬೇಕು.

ಇದರಲ್ಲಿ ನನಗೊಂದು ಫಜೀತಿ ಇತ್ತು. ಹೆಸರುಗಳು ಒಂದರ ಹಿಂದೊಂದು ಸಿಗತೊಡಗಿದರೆ ಹುಮ್ಮಸ್ಸು ಏರಿ ತಿದಿಯನ್ನು ದಬದಬ ಒತ್ತಿಬಿಡುತ್ತಿದ್ದೆ. ಗುಳ ಬೇಗ ಕಾಯುತ್ತಿತ್ತು. ನನ್ನ ಹೊತ್ತನ್ನು ನಾನೇ ಸುಟ್ಟುಕೊಂಡು ಐದೋ ಆರೋ ಹೆಸರಿಗೆ ಸೋತು ಕೂರುತ್ತಿದ್ದೆ. ಅತ್ತೆಯ ಕೈ ಮಾತ್ರ ಎಂದೂ ಏರುಪೇರಾಗುತ್ತಿರಲಿಲ್ಲ. ನನ್ನಪ್ಪ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ನನಗೆ ಅಕ್ಷರ ಕಲಿಸಿದ್ದ, ಆಟ ತೆಗೆದವಳೂ ನಾನೇ. ಅತ್ತೆಗೆ ಒಂದಕ್ಷರ ಬರೆಯಲು ಬಾರದು. ಆದರೂ ಮೊದಲ ದಿನವೇ ನನಗೆ ಮಣ್ಣು ಮುಕ್ಕಿಸಿದರು. ನನಗೆ ಬಂದ ಕೋಪಕ್ಕೆ ಅಂದು ಮುದ್ದೆ ಗಂಟುಗಂಟಾಯಿತು.

ಆ ಆಳುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇನ್ನೂ ಇದೇ ಬೀದಿಗಳಲ್ಲಿದ್ದಾರೆ, ನಮ್ಮ ತಾತನನ್ನು ಯಾಕೆ ಬಿಟ್ಟೆ ಎಂದು ಜಗಳಕ್ಕೆ ಬರುತ್ತಾರೆ. ಕಸುಬು ಹೇಳಿದರೆ ಸಾಕು. ಎಣ್ಣೆ ಗಾಣದವನೊಬ್ಬನಿದ್ದ, ಹಿಡಿದರೆ ಕೈಗೆ ಸಿಗುತ್ತಿರಲಿಲ್ಲ. ಸಂತೆಬಾಚಹಳ್ಳಿಯ ದನದ ವ್ಯಾಪಾರಿ ಒಬ್ಬ, ಎದುರಾಳಿಯ ಕಾಲನ್ನು ಎತ್ತಿನ ಕಾಲು ಹಿಡಿದಂತೆ ಹಿಡಿದು ಕೂರಿಸಿಬಿಡುತ್ತಿದ್ದ. ಹಿರೋಡೆಯ ಬಡಗಿಯ ಉಸಿರು ಅದೆಷ್ಟು ಉದ್ದವೆಂದರೆ, ಅವನು ಗೆರೆ ದಾಟಿ ಬಂದಾಗ ನಾನು ಏರಿಯ ಮೇಲೆ ಕುಳಿತು ನನ್ನ ಉಸಿರನ್ನೂ ಬಿಗಿಹಿಡಿದು ಕೆಮ್ಮಿದ್ದುಂಟು.

ತಂಡ ಕಟ್ಟಿದ ಮೇಲೆ ಸುಮ್ಮನಿರುತ್ತೇವೆಯೇ? ಯಜಮಾನರು ಗುಳ ಬಡಿಯುವಾಗ ತಿದಿಗೆ ಬಿಡುವು. ಆ ಬಿಡುವಿನಲ್ಲಿ ಅತ್ತೆಯ ತಂಡವನ್ನೂ ನನ್ನ ತಂಡವನ್ನೂ ಅಂಗಳಕ್ಕೆ ಇಳಿಸುತ್ತಿದ್ದೆವು. ಸುತ್ತಿಗೆಯ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಹೇಳಬೇಕು: ನಿಮ್ಮ ಗಾಣದವನು ಬಂದ, ನನ್ನ ಬಡಗಿ ಬಲಗಡೆಯಿಂದ ಬಳಸಿದ, ಸೊಂಟ ಹಿಡಿದ, ಬಿದ್ದರು. ಅತ್ತೆ ಒಪ್ಪುತ್ತಿರಲಿಲ್ಲ. ಎಣ್ಣೆ ಮೈಯವನ ಸೊಂಟ ಹಿಡಿಯುವುದು ಯಾರಪ್ಪನಿಗೆ ಸಾಧ್ಯ ಎಂದು ಕೇಳುತ್ತಿದ್ದರು. ಪಂದ್ಯಕ್ಕೆ ಬರುವ ದಿನ ಎಣ್ಣೆ ಹಚ್ಚಿಕೊಂಡು ಬರುತ್ತಾನೆಯೇ ಎಂದು ನಾನು ಕೇಳುತ್ತಿದ್ದೆ. ಇಲ್ಲದ ಪಂದ್ಯದ ಇಲ್ಲದ ಗೆರೆಗಾಗಿ ಅತ್ತೆ ಸೊಸೆ ಊಟದ ಹೊತ್ತಿನವರೆಗೂ ಮುಖ ತಿರುಗಿಸಿ ಕುಳಿತದ್ದಿದೆ. ಅಷ್ಟು ಸುಖವಾದ ಜಗಳಗಳನ್ನು ನಾನು ಆಮೇಲೆ ಯಾರೊಡನೆಯೂ ಆಡಲಿಲ್ಲ.

ಆದರೆ ನಮ್ಮ ಆಟದಲ್ಲಿ ಒಂದು ತೂತು ಇತ್ತು. ಸುತ್ತಮುತ್ತ ಚಡುಗುಡಿಗೆ ಎಲ್ಲರಿಗಿಂತ ಗಟ್ಟಿಗರು ನಮ್ಮ ಯಜಮಾನರೇ. ಹೆಂಡತಿಯೆಂದು ಹೊಗಳುತ್ತಿಲ್ಲ, ಕೆರೆ ಅಂಗಳಕ್ಕೆ ಬಂದವರನ್ನೆಲ್ಲ ಕೇಳಿ. ಆ ಗಟ್ಟಿಗನನ್ನು ನಾನು ಒಮ್ಮೆಯೂ ತಂಡಕ್ಕೆ ಆರಿಸಲು ಆಗಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮಲ್ಲಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ. ಸರಿ, ಹೆತ್ತ ತಾಯಿ ಹೇಳಬಹುದಲ್ಲ? ಅವರಿಗೂ ಆಗದು. ಹಿರಿಮಗನಿಗೆ ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಮಗನ ಹೆಸರೂ ಅತ್ತೆಯ ಮಾವನವರ ಹೆಸರೂ ಒಂದೇ. ಮಾವನ ಹೆಸರನ್ನು ಸೊಸೆ ಹೇಗೆ ಬಾಯಿಗೆ ತರುತ್ತಾಳೆ? ತೊಟ್ಟಿಲಲ್ಲಿ ಹಾಕಿದ ದಿನದಿಂದ ಅವರು ಮಗನನ್ನು ಬರೀ ‘ಮಗ’ ಎಂದೇ ಕರೆದವರು. ಬೀದಿಯೆಲ್ಲ ಕೂಗುವ ಆ ಹೆಸರು ನಮ್ಮ ಹೊಸ್ತಿಲೊಳಗೆ ಮಾತ್ರ ಇರಲಿಲ್ಲ. ಅದು ಯಾವ ಅಕ್ಷರದಿಂದ ಶುರು ಎಂಬುದನ್ನೂ ನಾನು ಬರೆಯುವುದಿಲ್ಲ.

ಒಮ್ಮೆ ಯಜಮಾನರ ಕಡೆ ಗದ್ದ ತೋರಿಸಿ, ಏಳನೆಯವರು ಅಗೋ ಎಂದೆ. ಅತ್ತೆ ಅಲ್ಲೇ ಕಟ್ಟು ಹಾಕಿದರು.

"ಎಸ್ರು ಬಾಯಲ್ಲಿ ಬಂದ್ರೇ ಆಳು. ಗದ್ದ ತೋರ್ಸೋದು ಆಟ ಅಲ್ಲ ಕಣಮ್ಮಿ."

ಅದೇ ಕಾನೂನಾಯಿತು. ಅದರ ಜೊತೆಗೆ ಇನ್ನೊಂದನ್ನೂ ಸೇರಿಸಿದರು: ಇಬ್ಬರಲ್ಲಿ ಯಾರ ಬಾಯಿಂದ ಹೆಸರು ಬಂದರೂ ಆ ಆಳು ಆ ಹೊತ್ತು ತಂಡ ಕಟ್ಟುತ್ತಿರುವವಳ ಪಾಲು. ಬಾಯಿ ತಪ್ಪಿ ನಾನು ಅವರಿಗೆ ಎಷ್ಟೋ ಆಳುಗಳನ್ನು ದಾನ ಮಾಡಿದ್ದೇನೆ. ಅವರ ಬಾಯಿ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ಅರಕೆರೆಯಿಂದ ಬೆಲ್ಲದ ಗಾಡಿ ಬಂತು. ಅರಕೆರೆ ನನ್ನ ತವರು. ದಂಡುಗಳು ಬಂದು ಹೋಗಿ, ದಾರಿಗಳು ಕೆಟ್ಟು, ನಾನು ತಾಯಿಯ ಮುಖ ನೋಡಿ ಮೂರು ವರ್ಷವಾಗಿತ್ತು. ಗಾಡಿಯವನು ಬಾಗಿಲಲ್ಲೇ ನಿಂತು ನಮ್ಮವ್ವ ಹೇಳಿ ಕಳಿಸಿದ್ದನ್ನು ಒಪ್ಪಿಸಿದ: ಬೆಳಿಗ್ಗೆ ಗಾಡಿ ಹಿಂದಕ್ಕೆ ಹೊರಡುತ್ತದೆ, ಮಗಳನ್ನು ಕಳಿಸಿಕೊಡಿ. ನಾನು ಗಂಟು ಕಟ್ಟಲು ಎದ್ದೇಬಿಟ್ಟೆ. ಮಳೆ ಮುಂದಿತ್ತು, ಉಳುವ ಕಾಲ. ಬಡಿದು ಹಣಿಯಬೇಕಾದ ಗುಳಗಳು ಗೋಡೆಯುದ್ದಕ್ಕೂ ಒರಗಿದ್ದವು. ತಿದಿ ಒತ್ತುವವಳು ಹೋದರೆ ಗತಿ ಏನು ಎಂದು ಅತ್ತೆ ಕೇಳಿದರು. ಅದು ನ್ಯಾಯವಾದ ಮಾತೇ ಆಗಿತ್ತು, ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ತಿದಿಯ ಮುಂದೆ ಕುಳಿತು ಮಾತೇ ಆಡಲಿಲ್ಲ. ನಾನು ಮಾತಾಡದಿದ್ದರೆ ಮನೆಗೆ ಜ್ವರ ಬಂದ ಹಾಗೆ.

ಸ್ವಲ್ಪ ಹೊತ್ತು ಬಿಟ್ಟು ಅತ್ತೆಯೇ ಬಾಯಿ ತೆರೆದರು. ಈ ಗುಳ ಕಾಯುವುದರೊಳಗೆ ಒಂದು ತಂಡ ಕಟ್ಟು, ಕಟ್ಟಿದರೆ ಬೆಳಿಗ್ಗೆ ಗಾಡಿ ಹತ್ತು, ಸೋತರೆ ಬಿತ್ತನೆ ಮುಗಿಯುವವರೆಗೂ ತವರಿನ ಸುದ್ದಿ ಎತ್ತಬೇಡ ಎಂದರು. ನಾನು ಸೆರಗು ಸಿಕ್ಕಿಸಿ ಕುಳಿತೆ. ಅಕ್ಷರ ಕೊಡಿ ಎಂದೆ.

ಅವರು ಆ ಅಕ್ಷರವನ್ನೇ ಕೊಟ್ಟರು.

ಆ ಅಕ್ಷರದಲ್ಲಿ ನಾವಿಬ್ಬರೂ ಕಂಡ ಆಟಗಾರರು ಬೇರೆ ಆರೇ ಮಂದಿ. ಏಳನೆಯವರು ಎದುರಿಗೆ ಇಕ್ಕಳ ಹಿಡಿದು ನಿಂತಿದ್ದರು. ಇದನ್ನು ಬಲ್ಲದೆ ಕೊಡುವವರಲ್ಲ ನಮ್ಮತ್ತೆ. ಕಳಿಸಲು ಮನಸ್ಸಿಲ್ಲದಿದ್ದರೆ ಇಲ್ಲ ಎನ್ನಬಾರದಿತ್ತೇ, ಹೀಗೆ ಆಟ ಕಟ್ಟಿ ಮೂಗಿಗೆ ತುಪ್ಪ ಸವರಬೇಕಿತ್ತೇ ಎಂದು ಹಲ್ಲು ಕಡಿದೆ. ಆದರೂ ಆಟ ಆಟವೇ. ಬಿಡುವ ಜಾಯಮಾನ ನನ್ನದಲ್ಲ.

ಹಿರೋಡೆಯ ಬಡಗಿ, ಒಂದು. ದನದ ವ್ಯಾಪಾರಿಯ ತಮ್ಮ, ಎರಡು. ಅಗಸರ ಬೀದಿಯ ಎಡಗೈಯವನು, ಮೂರು. ಹೆಸರುಗಳು ಪಟಪಟ ಬಂದವು. ನಾಲ್ಕನೆಯವನು ಕುಂಬಾರ. ಅಲ್ಲಿಗೆ ಗುಳದ ತುದಿಗೆ ಕೆಂಪು ಏರಿತ್ತು. ಐದನೆಯವನಿಗೆ ಸ್ವಲ್ಪ ತಡಕಾಡಿ ಆದಿಚುಂಚನಗಿರಿಯ ದಾರಿಯಲ್ಲಿ ಕುರಿ ಕಾಯುವವನನ್ನು ಹಿಡಿದು ತಂದೆ. ಆರನೆಯವನಾಗಿ ಒಬ್ಬ ಕಳ್ಳುಕುಡುಕನನ್ನು ಹೇಳಿದೆ. ಅವನು ಒಂದೇ ಸಲ ಆಡಿ ನಗೆಪಾಟಲಾದವನು, ಆದರೂ ಆಡಿದ್ದಂತೂ ಹೌದು.

"ಆರಾಯ್ತು," ಎಂದರು ಅತ್ತೆ.

ಏಳು? ತಲೆಯೊಳಗೆ ಒಂದೇ ಹೆಸರು ಕುಣಿಯುತ್ತಿತ್ತು. ನಾಲಿಗೆಯ ತುದಿಗೇ ಬಂದು ನಿಂತಿತ್ತು. ಕಣ್ಣ ಮುಂದೆ ನಮ್ಮವ್ವ, ಅರಕೆರೆಯ ಕಾಲುವೆ, ಬೆಳಿಗ್ಗೆ ಹೊರಡುವ ಗಾಡಿ. ಎದುರಿಗೆ ಬೆವರೊರೆಸಿಕೊಳ್ಳುತ್ತಿರುವ ಯಜಮಾನರು, ಅವರ ಆಯಸ್ಸು. ನಾನು ತುಟಿ ಕಚ್ಚಿದೆ. ನನ್ನ ಕೈ ಮಾತ್ರ ಹುಚ್ಚು ಹಿಡಿದಂತೆ ತಿದಿ ಒತ್ತುತ್ತಿತ್ತು. ಗುಳ ಇಷ್ಟರಲ್ಲಿ ಕೆಂಡದಂತಾಗಬೇಕಿತ್ತು, ಆಗಿರಲಿಲ್ಲ. ಏಕೆಂದು ನೋಡಿದರೆ ನನ್ನ ಪಕ್ಕದ ಚೀಲ ಏಳುತ್ತಲೇ ಇರಲಿಲ್ಲ. ಅತ್ತೆ ಅದರ ಮೇಲಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಬೆಂಕಿ ಮಂಕಾದದ್ದನ್ನು ಕಂಡು ಯಜಮಾನರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಆ ಹೆಸರು ಹೇಳಿದರು. ಪೂರ್ತಿ, ಬಿಡಿಸಿ, ಬೀದಿಗೆ ಕೇಳುವಂತೆ.

ಯಜಮಾನರ ಕೈಯ ಇಕ್ಕಳ ಅಲ್ಲೇ ನಿಂತಿತು. ಅಂಗಳದಲ್ಲಿ ಏಳು ಜನ ಮೇಲೆ ಬಿದ್ದರೂ ಅಲುಗದ ಆ ಗಂಡಸು ಚಿಕ್ಕ ಮಗುವಿನ ಹಾಗೆ ನೋಡಿದರು.

"ಏನವ್ವ, ಕರುದ್ಯಾ?"

"ನಿನ್ನ ಕರೀನಿಲ್ಲ ಕಣ್ಲಾ," ಎಂದರು ಅತ್ತೆ. "ಆಟುಕ್ಕೆ ಸೇರುಸ್ದೆ."

ಅತ್ತೆ ಎರಡು ಕೆನ್ನೆಗೂ ಮೆಲ್ಲಗೆ ಬಡಿದುಕೊಂಡು, ತಮ್ಮ ಸತ್ತ ಮಾವನವರ ಕಡೆಗೆ ಇರಬೇಕು, ಮೇಲೆ ನೋಡಿ ಕೈ ಮುಗಿದರು. ಮತ್ತೆ ತಿದಿ ಹಿಡಿದು, ಆ ಕಳ್ಳುಕುಡುಕನನ್ನು ಇಟ್ಟುಕೊಂಡು ಯಾವ ಊರಿನವರನ್ನು ಗೆಲ್ಲುತ್ತೀಯೆ ಎಂದು ನನ್ನನ್ನು ರೇಗಿಸಿದರು. ನನಗೆ ಅಳುವೂ ಬಂತು, ನಗುವೂ ಬಂತು, ಎದ್ದು ಕುಣಿಯಬೇಕೆನಿಸಿತು. ಏಳು ಮಂದಿಯ ತಂಡ ನಿಂತಿತ್ತು, ಅದರಲ್ಲಿ ನಮ್ಮ ಯಜಮಾನರಿದ್ದರು.

ಬೆಳಿಗ್ಗೆ ಬೆಲ್ಲದ ಗಾಡಿ ಹತ್ತಿದೆ. ಹಿರೋಡೆಯಲ್ಲಿ ತಂಗಿ, ಮರುದಿನ ಪಟ್ಟಣದ ಕೋಟೆಯನ್ನು ದೂರದಿಂದ ನೋಡಿಕೊಂಡು ಅರಕೆರೆ ಸೇರಿದಾಗ ಗದ್ದೆ ಬಯಲಿನ ಹಸಿರಿಗೇ ನನ್ನ ಕಣ್ಣು ತುಂಬಿತು. ನಮ್ಮವ್ವ ನನ್ನ ಮುಖ ಮೈ ಸವರಿ ಸವರಿ ನೋಡಿದಳು. ಬಿತ್ತನೆ ಮುಗಿಯುವ ತನಕ ಕಳಿಸುವುದಿಲ್ಲ ಎಂದು ಬೀದಿಗೆಲ್ಲ ಸಾರಿದಳು. ಮಾರನೆಯ ದಿನ ಅಕ್ಕಿ ಆರಿಸುತ್ತ ಕುಳಿತಾಗ ನಾನು ನಮ್ಮ ಆಟದ ಕಥೆ ಶುರುಮಾಡಿದೆ. ಅವಳು ನಕ್ಕಳು, ಅಳಿಯನನ್ನು ಮೊದಲು ಆರಿಸಬಾರದೇ ಎಂದು ಅವನ ಹೆಸರನ್ನು ಸಲೀಸಾಗಿ ಹೇಳಿಯೂಬಿಟ್ಟಳು. ಅವಳಿಗೆ ಯಾವ ಕಟ್ಟೂ ಇಲ್ಲವಲ್ಲ. ಆಮೇಲೆ ಏಳನೆಯವರನ್ನು ಕೊಟ್ಟದ್ದು ಯಾರೆಂದು ಹೇಳಿದೆ. ಮೊರದ ಮೇಲಿದ್ದ ಅವಳ ಕೈ ನಿಂತಿತು.

"ಅವ್ರೇ ಅಂದ್ರಾ? ಮಾವನ್ ಎಸ್ರ?"

ಹೌದು ಎಂದೆ. ಅವಳೂ ಒಬ್ಬರ ಮನೆಯ ಸೊಸೆ. ಬಹಳ ಹೊತ್ತು ಕಲ್ಲು ಹೆಕ್ಕಿದಳು. ಕೊನೆಗೆ ಮೊರ ಕೆಳಗಿಟ್ಟಳು.

"ನಾಳಿದ್ದೇ ಒಂಟೋಗು ಮಗಾ. ಅಲ್ಲಿ ಎರಡು ತಿದೀನೂ ಅವ್ರೊಬ್ರೇ ಒತ್ತುತಾವ್ರೆ."

ಮೂರು ವರ್ಷ ಕಾದವಳು ನನ್ನನ್ನು ಅಷ್ಟು ಬೇಗ ಗಾಡಿ ಹತ್ತಿಸಿದಳು. ಬೀಗಿತ್ತಿಗೆಂದು ಸಣ್ಣಕ್ಕಿಯನ್ನೂ ಬೆಲ್ಲದ ಅಚ್ಚನ್ನೂ ಕಟ್ಟಿಕೊಟ್ಟಳು. ನಾನು ಹೊಸ್ತಿಲು ದಾಟುವಾಗ ಅತ್ತೆ ನಿಜಕ್ಕೂ ಎರಡು ಚೀಲಗಳ ನಡುವೆ ಕುಳಿತು ಎರಡು ಕೈಯಲ್ಲೂ ಒತ್ತುತ್ತಿದ್ದರು. ಇಷ್ಟು ಬೇಗ ಯಾಕೆ ಬಂದೆ ಎಂದು ಗದರಿದರು. ನಾನು ಗಂಟನ್ನು ಮೂಲೆಗಿಟ್ಟು ನನ್ನ ಜಾಗದಲ್ಲಿ ಕುಳಿತು ಅಕ್ಷರ ಕೇಳಿದೆ. ಮತ್ತೆ ಅದನ್ನೇ ಕೊಟ್ಟರು.

ಆ ಹೆಸರನ್ನು ಅವರು ಸಾಯುವವರೆಗೂ ಇನ್ನೊಮ್ಮೆ ಹೇಳಲಿಲ್ಲ, ನಾನಂತೂ ಇಂದಿಗೂ ಹೇಳಿಲ್ಲ. ಆದರೆ ಅಂದಿನಿಂದ ಆ ಅಕ್ಷರ ಬಂದಾಗಲೆಲ್ಲ ನಾವಿಬ್ಬರೂ ಒಂದನ್ನು ಯಜಮಾನರಿಗೆ ಬಿಟ್ಟು ಎರಡರಿಂದಲೇ ಎಣಿಸಲು ಶುರುಮಾಡುತ್ತಿದ್ದೆವು.